ಪಕ್ಕದ ಮನೆಯ ಕಾದಂಬರಿ

ಹಲಸೂರು
ಭಾನುವಾರ ಸಂಜೆ

ಪ್ರೀತಿಯ ಚಿನ್ನು,

ಇದೆ ಕಣೇ, ಬೇಕಾದಷ್ಟಿದೆ. "ಅತ್ತೆ, ನಾನು ಓದ್ತೀನಲ್ಲ ಅಮೀಶ್, ಮೇಡಲಿನ್ ಮಿಲ್ಲರ್, ಆ ಥರದ್ದು ಕನ್ನಡದಲ್ಲಿ ಏನಾದ್ರೂ ಇದ್ಯಾ?" ಅಂತ ಫೋನಿನಲ್ಲಿ ಕೇಳಿದ ನಿನ್ನ ಧಾಟಿಯಲ್ಲೇ ‘ಎಲ್ಲಿರುತ್ತೆ ಬಿಡಿ’ ಅನ್ನೋದೂ ಇತ್ತು. ಅಮೀಶ್ ಶಿವನನ್ನು ಮನುಷ್ಯನನ್ನಾಗಿ ಮಾಡಿ ಮೆಲೂಹಕ್ಕೆ ಕರೆತಂದದ್ದು 2010ರಲ್ಲಿ. ನಮ್ಮ ಭೈರಪ್ಪನವರು ‘ಪರ್ವ’ದಲ್ಲಿ ಪಾಂಡವರ ಮೈಮೇಲಿನ ದೈವತ್ವವನ್ನೆಲ್ಲ ಕಳಚಿಟ್ಟು, ಹಸಿವು, ದಣಿವು, ಹೊಟ್ಟೆಕಿಚ್ಚಿನ ಮನುಷ್ಯರನ್ನಾಗಿ ನಿಲ್ಲಿಸಿದ್ದು 1979ರಲ್ಲಿ. ಲೆಕ್ಕ ನೀನೇ ಹಾಕಿಕೋ.

ವಾಟ್ಸಾಪಿನಲ್ಲಿ ಹತ್ತು ಹೆಸರು ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಿನ್ನನ್ನು ಬಲ್ಲೆ. ಮೊದಲು ಕೈಗೆ ಸಿಕ್ಕಿದ್ದನ್ನು ತಂದು, ಇಪ್ಪತ್ತು ಪುಟ ಓದಿ, ‘ಕನ್ನಡ ಕಷ್ಟ ಅತ್ತೆ’ ಅಂತ ಪಕ್ಕಕ್ಕಿಟ್ಟು, ಮತ್ತೆ ಇಂಗ್ಲಿಷಿಗೆ ಹೋಗುವವಳು ನೀನು. ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಇನ್ನೂ ಐದು ವರ್ಷ ಬಿಡಬೇಕು ಅಂತ ಕೂತು ಹೇಳಬೇಕಾದರೆ ಕಾಗದವೇ ಸರಿ.

ವಸುಧೇಂದ್ರ ಅವರ ‘ತೇಜೋ-ತುಂಗಭದ್ರಾ’ದಿಂದ ಶುರು ಮಾಡು. 2019ರಲ್ಲಿ ಬಂದದ್ದು, ಅಂದರೆ ನೀನು ಮಾತಾಡೋ ಕನ್ನಡಕ್ಕೆ ತೀರಾ ದೂರದ್ದಲ್ಲ. ಬರೆದವರು ಸಂಡೂರಿನವರು, ವರ್ಷಗಟ್ಟಲೆ ನಿನ್ನ ಹಾಗೇ ಸಾಫ್ಟ್‌ವೇರ್ ಕೆಲಸ ಮಾಡಿ, ಅದನ್ನು ಬಿಟ್ಟು ಬರವಣಿಗೆಗೇ ನಿಂತವರು. ಒಂದು ಕಡೆ ಪೋರ್ಚುಗಲ್ಲಿನ ಲಿಸ್ಬನ್, ಅಲ್ಲಿ ತೇಜೋ ನದಿ. ಇನ್ನೊಂದು ಕಡೆ ವಿಜಯನಗರದ ಸೀಮೆ, ಇಲ್ಲಿ ತುಂಗಭದ್ರೆ. ಅಲ್ಲಿ ಗೇಬ್ರಿಯಲ್ ಅನ್ನೋ ಬಡ ಹುಡುಗ, ಅವನು ಇಷ್ಟಪಟ್ಟ ಯೆಹೂದಿ ಮನೆಯ ಬೆಲ್ಲಾ, ಇಲ್ಲಿ ಹಂಪಮ್ಮ. ಮೆಣಸಿನ ಆಸೆ ಹಡಗುಗಳನ್ನು ಹೊರಡಿಸುತ್ತೆ, ಹಡಗಿನ ಹಿಂದೆ ಧರ್ಮವೂ ಕತ್ತಿಯೂ ಬರುತ್ತೆ. ಕೃಷ್ಣದೇವರಾಯ ಇದ್ದಾನೆ, ಆದರೆ ನಮ್ಮ ಸಿನಿಮಾಗಳಲ್ಲಿ ಸಿಂಹಾಸನದ ಮೇಲೆ ಕೂತು ತೂಕವಾಗಿ ಮಾತಾಡುತ್ತಾನಲ್ಲ, ಆ ರಾಯ ಅಲ್ಲ. ದೊಡ್ಡವರ ಒಂದು ಆಸೆಗೆ, ಒಂದು ಹರಕೆಗೆ ಚಿಕ್ಕವರು ತಲೆ ಕೊಡಬೇಕಾದ ಲೋಕ ಅದು. ಒಡೆಯನಿಗಾಗಿ ಪ್ರಾಣ ಬಿಡೋ ಲೆಂಕರ ಪದ್ಧತಿಯನ್ನು ವೀರಗಲ್ಲಿನ ಮೇಲೆ ನೋಡಿದರೆ ಕೈ ಮುಗಿಯೋಣ ಅನ್ನಿಸುತ್ತೆ. ಹೀಗೆ ತಲೆ ಕೊಡೋವನ ಮನೆಯಲ್ಲಿ ಹಿಂದಿನ ರಾತ್ರಿ ಅಡುಗೆ ಏನಾಗಿತ್ತು, ಹೆಂಡತಿ ಏನಂದಳು ಅಂತ ಯೋಚನೆ ಮಾಡೋಕೆ ಶುರುಮಾಡಿದರೆ ಕೈ ಕೆಳಗಿಳಿಯುತ್ತೆ. ಕಷ್ಟದ ಮೇಲೆ ಕಷ್ಟ ಸ್ವಲ್ಪ ಜಾಸ್ತಿಯೇ ಪೇರಿಸಿದ್ದಾರೆ ಅನ್ನೋದು ನನ್ನ ತಕರಾರು. ಆದರೂ ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಇದನ್ನು ತೆರೆದರೆ ಇಂದಿರಾನಗರ ದಾಟಿ ಎಂ.ಜಿ. ರಸ್ತೆಗೆ ಹೋಗಿ ಇಳಿದೀಯ, ಜೋಕೆ.

ಇನ್ನು ಮುಂದಿನ ಪುಸ್ತಕದ ಹೆಸರು ಹೇಳೋ ಮೊದಲು ನಮ್ಮ ಏರಿಯಾದ ಒಂದು ವಿಷಯ ಹೇಳಬೇಕು. ಯಾಕೆಂದರೆ ನಾನು ಈ ಕಾದಂಬರಿಗಳನ್ನು ಓದಿದ್ದು ಬಸವನಗುಡಿಯಲ್ಲಿ ಕೂತಲ್ಲ, ಮಲ್ಲೇಶ್ವರದಲ್ಲಲ್ಲ. ಇಲ್ಲಿ, ದಂಡಿನ ಕಡೆ, ಕಂಟೋನ್ಮೆಂಟಿನಲ್ಲಿ. ನಿಮ್ಮಪ್ಪ ಮತ್ತು ನಾನು ಬೆಳೆದ ವಠಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ತಮಿಳು ಪಾಟಿ ಇದ್ದರು. ಅವರ ಟ್ರಂಕಿನಲ್ಲಿ ‘ಕಲ್ಕಿ’ ಪತ್ರಿಕೆಯಿಂದ ವಾರ ವಾರ ಕಿತ್ತು ಬೈಂಡ್ ಮಾಡಿಸಿದ್ದ ‘ಪೊನ್ನಿಯಿನ್ ಸೆಲ್ವನ್’ ಸಂಪುಟಗಳಿದ್ದವು. ಮಣಿಯಂ ಬಿಡಿಸಿದ ಚಿತ್ರಗಳು, ಕಥೆಯ ಮಗ್ಗುಲಲ್ಲೇ ಕೂದಲೆಣ್ಣೆಯ ಜಾಹೀರಾತು. ಲಿಪಿ ನಮಗೆ ಬರ್ತಿರಲಿಲ್ಲ, ಚಿತ್ರ ತೋರಿಸಿ ಪಾಟಿಯೇ ಕಥೆ ಹೇಳೋರು. ಒಂದು ಬೇಸಿಗೆಯಲ್ಲಿ ಅವರು, ಅದನ್ನು ಬರೆದ ಕಲ್ಕಿಯವರದೇ ‘ಶಿವಗಾಮಿಯಿನ್ ಶಪಥಂ’ ಶುರು ಮಾಡಿದರು. ಅದರಲ್ಲಿ ಕಂಚಿಗೆ ಮುತ್ತಿಗೆ ಹಾಕೋ ಕೇಡಿಗ ಯಾರು ಗೊತ್ತಾ? ನಮ್ಮ ಪುಲಕೇಶಿ! ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದು ನಿಲ್ಲಿಸಿದ ಇಮ್ಮಡಿ ಪುಲಕೇಶಿ, 1967ರ ಸಿನಿಮಾದಲ್ಲಿ ರಾಜ್‌ಕುಮಾರ್ ಆದ ಪುಲಕೇಶಿ. ನಿಮ್ಮಪ್ಪನಿಗೆ ತಡೆಯೋಕಾಗದೆ ಎದ್ದು ಜಗಳ ಆಡಿದ. ಪಾಟಿ ಜಗ್ಗಲಿಲ್ಲ. ಅವರ ಪಾಲಿಗೆ ಕಥೆ ಮುಗಿಯೋದು ನರಸಿಂಹವರ್ಮ ಬಂದು ವಾತಾಪಿಯನ್ನು ಸುಟ್ಟಾಗಲೇ. ನಮ್ಮ ಶಾಲೆಯ ಪುಸ್ತಕದಲ್ಲಿ 642ರ ಆ ಸೋಲಿಗೆ ಒಂದೇ ಸಾಲು, ಅದೂ ಪಾಠದ ಕೊನೆಯಲ್ಲಿ. ಪಾಟಿ ಹೇಳಿದ್ದು ಕಟ್ಟುಕಥೆಯೇ ಇರಬೇಕು ಅಂತ ನಿಮ್ಮಪ್ಪ ಬಹಳ ದಿನ ಸಾಧಿಸಿದ. ಬಾದಾಮಿಗೆ ಹೋದಾಗ ಬಂಡೆಯ ಮೇಲೆ ನರಸಿಂಹವರ್ಮನ ಶಾಸನ ನೋಡಿಕೊಂಡು ಬಂದು ತೆಪ್ಪಗಾದ.

ಈಗ ಫ್ರೇಜರ್ ಟೌನಿನ ಅಧಿಕೃತ ಹೆಸರು ಪುಲಕೇಶಿನಗರ. ಆ ಬೋರ್ಡಿನ ಕೆಳಗೆ ಬಸ್ಸಿಗೆ ಕಾಯುವವರಲ್ಲಿ ಎಷ್ಟು ಜನರ ಮನೆಯಲ್ಲಿ ಪುಲಕೇಶಿ ಕೇಡಿಗನಾಗಿದ್ದನೋ ಅಂತ ನನಗೆ ಆಗಾಗ ನಗು ಬರುತ್ತೆ.

ಶಿವಾಜಿನಗರದ ಶಾಲೆಯಲ್ಲಿ ಕೆಲಸ ಮಾಡುವಾಗ ಇನ್ನೊಂದು ಪಾಠ ಆಯ್ತು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಉರ್ದು ಟೀಚರದ್ದು. ಅವರು ನಸೀಮ್ ಹಿಜಾಝಿಯ ಭಕ್ತೆ. ‘ಔರ್ ತಲ್ವಾರ್ ಟೂಟ್ ಗಯೀ’ ಅಂತ ಒಂದಿದೆ, ಟಿಪ್ಪು ಸುಲ್ತಾನನ ಕೊನೆಯ ದಿನಗಳದ್ದು. ಊಟದ ಡಬ್ಬಿ ಮುಚ್ಚಿಟ್ಟು ಶ್ರೀರಂಗಪಟ್ಟಣ ಬಿದ್ದ ಪ್ರಸಂಗ ಹೇಳುತ್ತಾ ಕಣ್ಣೊರೆಸಿಕೊಳ್ಳೋರು. ನಾನು ಅದೇ ವಾರ ತ.ರಾ.ಸು. ಅವರ ‘ಹಂಸಗೀತೆ’ ಓದುತ್ತಿದ್ದೆ. ಅದರಲ್ಲಿ ಟಿಪ್ಪುವಿನ ಎದುರು ಹಾಡಲೊಲ್ಲದೆ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ನಾನೂ ಕಥೆ ಹೇಳಿದೆ. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹಾಡುಗಾರ ಹಾಡಿದ್ದರೆ ಏನು ಹಾಡುತ್ತಿದ್ದ ಅಂತ ಕೇಳಿದರು. ಜಗಳಕ್ಕೆ ನಿಂತಿದ್ದ ನನಗೆ ಆ ಪ್ರಶ್ನೆಗೆ ಉತ್ತರವೇ ತೋಚಲಿಲ್ಲ.

ಹಾಗೆ ನೋಡಿದರೆ ನಾವಿರೋ ಜಾಗವೇ ಆ ಕಾದಂಬರಿಗಳ ಕೊನೆಯ ಅಧ್ಯಾಯ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಬ್ರಿಟಿಷರ ದಂಡು ಮೊದಲು ಅಲ್ಲೇ ಬೀಡುಬಿಟ್ಟಿತು, 1809ರಲ್ಲಿ ಹಲಸೂರಿನ ಕಡೆಗೆ ಬಂತು. ಅದರ ಬೆನ್ನಿಗೇ ಮದ್ರಾಸಿನ ಸಿಪಾಯಿಗಳು, ಅಡುಗೆಯವರು, ದರ್ಜಿಗಳು, ಗುತ್ತಿಗೆದಾರರು. ಪಾಟಿಯ ಮುತ್ತಾತ ಹಾಗೆ ಬಂದವರೇ ಅಂತೆ. ಟಿಪ್ಪು ಸೋಲದೇ ಇದ್ದಿದ್ದರೆ ಕಲ್ಕಿಯ ಪುಸ್ತಕ ನಮ್ಮ ವಠಾರಕ್ಕೆ ಬರ್ತಾನೇ ಇರಲಿಲ್ಲ.

ತ.ರಾ.ಸು. ಮಾತು ಬಂತಲ್ಲ, ಅವರದ್ದನ್ನೇ ಮುಂದುವರಿಸುತ್ತೀನಿ. ಚಿತ್ರದುರ್ಗದ ಪಾಳೆಯಗಾರರ ಮೇಲೆ ಅವರು ಬರೆದಷ್ಟು ಬೇರೆ ಯಾರೂ ಒಂದು ಊರಿನ ಮೇಲೆ ಬರೆದಂತಿಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೂರನ್ನೂ ಇದೇ ಕ್ರಮದಲ್ಲಿ, ಒಂದಾದ ಮೇಲೆ ಒಂದು ಓದು. ನೀನು ‘ಗೇಮ್ ಆಫ್ ಥ್ರೋನ್ಸ್’ ನೋಡುತ್ತಾ ರಾತ್ರಿಯೆಲ್ಲ ಎದ್ದಿರುತ್ತಿದ್ದೆಯಲ್ಲ, ಅಂಥ ಮಸಲತ್ತು ಇಲ್ಲಿ ಕೋಟೆಯ ಏಳು ಸುತ್ತಿನೊಳಗೇ ನಡೆಯುತ್ತೆ. ದಳವಾಯಿ ಮುದ್ದಣ್ಣನ ಹೆಸರು ಬಂದರೆ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತೆ. ಅವನ್ನು ಮುಗಿಸಿದ ಮೇಲೆ ‘ದುರ್ಗಾಸ್ತಮಾನ’. ಕೊನೆಯ ಮದಕರಿನಾಯಕನ ಕಥೆ. 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿದದ್ದು ನಿನಗೆ ಮೊದಲೇ ಗೊತ್ತು, ಹೆಸರಲ್ಲೇ ಇದೆ. ಆದರೂ ಓದುತ್ತಾ ಹೋದ ಹಾಗೆ ಈ ಸಲ ಬೀಳಲಾರದು ಅನ್ನಿಸುವಂತೆ ಬರೆದಿದ್ದಾರೆ. ತ.ರಾ.ಸು. 1984ರಲ್ಲಿ ತೀರಿಕೊಂಡರು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆಮೇಲೆ, 1985ರಲ್ಲಿ. ‘ನಾಗರಹಾವು’ ಸಿನಿಮಾ ನೋಡಿ ತ.ರಾ.ಸು. ಅಂದರೆ ಇಷ್ಟೇ ಅಂದುಕೊಂಡವರ ಪೈಕಿ ನೀನೂ ಒಬ್ಬಳಾಗಬೇಡ. ಒಂದು ಎಚ್ಚರಿಕೆ: ಭಾವುಕತೆ ಉಕ್ಕಿ ಹರಿಯುತ್ತೆ. ಜನ ಬೇಗ ಬೇಗ ಕಣ್ಣೀರು ಹಾಕುತ್ತಾರೆ, ಪೌರುಷದ ಮಾತು ಉದ್ದುದ್ದ ಆಡುತ್ತಾರೆ. ಮೊದಲ ಐವತ್ತು ಪುಟ ತಾಳ್ಮೆ ಇರಲಿ, ಆಮೇಲೆ ಆ ಧಾಟಿಗೆ ಕಿವಿ ಹೊಂದಿಕೊಳ್ಳುತ್ತೆ. ಮೆಟ್ರೋದಲ್ಲಿ ನಿಂತುಕೊಂಡು ಓದೋ ತೂಕದ ಪುಸ್ತಕ ಅಲ್ಲ ಅದು, ಮನೆಯಲ್ಲಿಟ್ಟುಕೋ.

ಆದರೆ ಒಂದೇ ಒಂದು ಓದು ಅಂತ ಯಾರಾದರೂ ನನ್ನ ಕತ್ತಿನ ಮೇಲೆ ಕೂತರೆ ನಾನು ಹೇಳೋದು ತ.ರಾ.ಸು. ಅಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’. 1956ರ ಪುಸ್ತಕ, 1983ರ ಜ್ಞಾನಪೀಠದ ಹೊತ್ತಿಗೆ ಎಲ್ಲರೂ ನೆನಪು ಮಾಡಿಕೊಂಡದ್ದು. ಕೊಡಗಿನ ಕೊನೆಯ ರಾಜನ ಕಥೆ. ಈ ರಾಜ ಒಳ್ಳೆಯವನಲ್ಲ. ಕುಡುಕ, ಹೆಂಗಸರ ಹುಚ್ಚು, ಅನುಮಾನ, ಕ್ರೌರ್ಯ. ಬೇರೆ ಯಾರೇ ಬರೆದಿದ್ದರೂ ಒಂದೋ ಅವನನ್ನು ರಾಕ್ಷಸ ಮಾಡೋರು, ಇಲ್ಲವೇ ಬ್ರಿಟಿಷರ ಮೋಸಕ್ಕೆ ಬಲಿಯಾದ ಪಾಪದವನನ್ನು ಮಾಡೋರು. ಮಾಸ್ತಿ ಎರಡೂ ಮಾಡಲ್ಲ. ಜಗಲಿಯ ಮೇಲೆ ಕೂತು ಊರ ಸುದ್ದಿ ಹೇಳೋ ಯಜಮಾನರ ದನಿಯಲ್ಲಿ, ಎಲ್ಲೂ ಗಂಟಲು ಏರಿಸದೆ ಹೇಳುತ್ತಾ ಹೋಗುತ್ತಾರೆ. ರಾಣಿ ಗೌರಮ್ಮ ಮರ್ಯಾದೆ ಉಳಿಸಿಕೊಳ್ಳೋಕೆ ಒದ್ದಾಡುತ್ತಾಳೆ. ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಇಬ್ಬರೂ ಸಂಭಾವಿತ ಮಂತ್ರಿಗಳು. ರಾಜನ ಕಾಟ ತಪ್ಪಿದರೆ ಸಾಕು ಅಂತ ಸಂಭಾವಿತರೇ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾ ಬಾಗಿಲನ್ನು ಕಂಪನಿಯವರಿಗೆ ತೆರೆದುಬಿಡುತ್ತಾರೆ. 1834ರಲ್ಲಿ ರಾಜ್ಯ ಹೋಯಿತು. ರಾಜ ಮಗಳನ್ನು ಕರೆದುಕೊಂಡು 1852ರಲ್ಲಿ ಲಂಡನ್ನಿಗೆ ಹೋದ, ಅದೇ ವರ್ಷ ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ಆ ಹುಡುಗಿಗೆ ಕ್ರೈಸ್ತ ದೀಕ್ಷೆ ಕೊಡಿಸಿದಳು. ಅವನು ಸತ್ತದ್ದೂ ಅಲ್ಲೇ, 1859ರಲ್ಲಿ. ಅರಮನೆಯ ಒಂದು ಕೆಟ್ಟ ಸಂಜೆ ಇಷ್ಟು ದೂರ ಹೋಗಿ ಮುಟ್ಟುತ್ತೆ.

ಇದರಲ್ಲಿ ಕುಂಟ ಬಸವ ಅಂತ ಒಬ್ಬನಿದ್ದಾನೆ. ಅರಮನೆಯ ನಾಯಿಗಳನ್ನು ನೋಡಿಕೊಳ್ಳುತ್ತಾ ಬೆಳೆದವನು, ರಾಜನ ಕೆಟ್ಟ ಚಟಕ್ಕೆಲ್ಲ ಕೈಜೋಡಿಸುವವನು, ಕೊನೆಗೆ ಮಂತ್ರಿಯ ಸಮಕ್ಕೆ ಏರಿ ಕೂತವನು. ಜನಕ್ಕೆ ಅವನ ಹೆಸರು ಕೇಳಿದರೇ ಅಸಹ್ಯ. ಆದರೆ ಇಡೀ ಅರಮನೆಯಲ್ಲಿ ಆ ರಾಜನನ್ನು ನಿಜವಾಗಿ ಹಚ್ಚಿಕೊಂಡವನು ಅವನೊಬ್ಬನೇ. ಅವನ ಹುಟ್ಟಿನ ಗುಟ್ಟು ನಾನು ಬಿಟ್ಟುಕೊಡಲ್ಲ. ನೀನು ಇಂಗ್ಲಿಷಿನಲ್ಲಿ ಓದಿರೋ ಯಾವ ಐತಿಹಾಸಿಕ ಕಾದಂಬರಿಯಲ್ಲಾದರೂ ಇವನಂಥ ಇನ್ನೊಬ್ಬ ಸಿಕ್ಕರೆ ಹೇಳು, ನಾನೂ ಓದುತ್ತೀನಿ.

ಒಂದು ಅಡ್ಡಮಾತು. ಕಾದಂಬರಿಯಲ್ಲಿ ಕರ್ನಲ್ ಫ್ರೇಸರ್ ಬಂದಾಗ ‘ಓ ನಮ್ಮ ಫ್ರೇಜರ್ ಟೌನ್!’ ಅಂತ ಹಿಗ್ಗಬೇಡ. ಕೊಡಗನ್ನು ಕಂಪನಿಗೆ ಸೇರಿಸಿಕೊಂಡವನು ಜೇಮ್ಸ್ ಸ್ಟುವರ್ಟ್ ಫ್ರೇಸರ್. ಟೌನಿನ ಫ್ರೇಸರ್ ಬಹಳ ಆಮೇಲಿನವನು, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಿದವನು.

ಮಾಸ್ತಿಯವರ ಊರು ನಿನ್ನ ಆಫೀಸಿಗೆ ಎಷ್ಟು ಹತ್ತಿರ ಗೊತ್ತಾ? ಕೆ.ಆರ್. ಪುರ ಸ್ಟೇಷನ್ನಿನಲ್ಲಿ ಬಂಗಾರಪೇಟೆ ಕಡೆಯ ರೈಲು ಹತ್ತಿದರೆ ವೈಟ್‌ಫೀಲ್ಡ್ ಆದಮೇಲೆ ಮಾಲೂರು. ಆ ತಾಲ್ಲೂಕಿನವರು. ನೀವೆಲ್ಲ ಟ್ರಾಫಿಕ್ಕಿನಲ್ಲಿ ಕೂತು ಬೈಕೊಳ್ಳೋ ಹ್ಯಾಂಗಿಂಗ್ ಬ್ರಿಡ್ಜ್ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಸೀದಾ ಹೋದರೆ ಹೊಸಕೋಟೆ, ಕೋಲಾರ, ಮುಳಬಾಗಿಲು ಕಡೆ ದೇವರಾಯಸಮುದ್ರ ಅಂತ ಊರು. ಅದು ಕೆ.ವಿ. ಅಯ್ಯರ್ ಅವರದ್ದು. ವೈಟ್‌ಫೀಲ್ಡಿನಾಚೆ ಸಮೇತನಹಳ್ಳಿಯ ರಾಮರಾಯರೂ ಐತಿಹಾಸಿಕ ಕಾದಂಬರಿಕಾರರೇ. ಈ ಕಡೆಯಲ್ಲಿ ಕನ್ನಡವೇ ಇಲ್ಲ ಅನ್ನೋ ನಿನ್ನ ಸಹೋದ್ಯೋಗಿಗಳಿಗೆ ಇದನ್ನೂ ಹೇಳು.

ಕೆ.ವಿ. ಅಯ್ಯರ್ ಅಂದರೆ ತಮಾಷೆಯ ಮನುಷ್ಯ. ವೃತ್ತಿಯಲ್ಲಿ ಪೈಲ್ವಾನರು! ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ಕಟ್ಟಿ ಹುಡುಗರ ಮೈ ತಿದ್ದಿದವರು, ದೇಹದಾರ್ಢ್ಯದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. ಡಂಬೆಲ್ಸ್ ಎತ್ತಿದ ಕೈಯಲ್ಲೇ ‘ಶಾಂತಲಾ’ ಬರೆದರು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ, ಅವಳ ಗೆಳತಿ ಲಕ್ಷ್ಮಿ, ಇಬ್ಬರ ನಡುವೆ ಒಬ್ಬ ರಾಜ. ಇಷ್ಟು ನವಿರಾಗಿ ಹೆಂಗಸರ ಸ್ನೇಹ ಬರೆದದ್ದು ಒಬ್ಬ ಜಟ್ಟಿ ಅಂತ ನಂಬೋಕೇ ಆಗಲ್ಲ. ಇದೇ ಶಾಂತಲೆಯ ಮೇಲೆ ಸಿ.ಕೆ. ನಾಗರಾಜರಾಯರದ್ದು ‘ಪಟ್ಟಮಹಾದೇವಿ ಶಾಂತಲದೇವಿ’, ನಾಲ್ಕು ಸಂಪುಟ, ಮೂರ್ತಿದೇವಿ ಪ್ರಶಸ್ತಿ ಬಂದದ್ದು. ಶಾಸನಗಳನ್ನು ಎದುರಿಗಿಟ್ಟುಕೊಂಡು ಬರೆದದ್ದು ಅಂತ ಪುಟ ಪುಟದಲ್ಲೂ ಗೊತ್ತಾಗುತ್ತೆ. ಅಯ್ಯರ್ ಅವರದ್ದು ಓದಿದರೆ ಶಾಂತಲೆ ಮನಸ್ಸಿನಲ್ಲಿ ಉಳಿಯುತ್ತಾಳೆ, ರಾಯರದ್ದು ಓದಿದರೆ ಅವಳ ಕಾಲ ಉಳಿಯುತ್ತೆ. ನಿನಗೆ ಮೊದಲು ಅಯ್ಯರ್.

ಹೊಯ್ಸಳರು ಅಂದ ತಕ್ಷಣ ಬೇಲೂರಿಗೆ ಗಾಡಿ ಬುಕ್ ಮಾಡಬೇಡ. ನೀನು ಕಾಫಿ ಕುಡಿಯೋ ಇಂದಿರಾನಗರದಿಂದ ಆಟೋ ಹಿಡಿದರೆ ದೊಮ್ಮಲೂರು ಚೊಕ್ಕನಾಥಸ್ವಾಮಿ ದೇವಸ್ಥಾನ. ಅಲ್ಲಿ ಹೊಯ್ಸಳರ ಕಾಲದ ಶಾಸನಗಳಿವೆ, ತಮಿಳಿನಲ್ಲಿ. ತೊಂಬಲೂರು, ದೇಸಿಮಾಣಿಕ್ಯಪಟ್ಟಣ ಅಂತೆಲ್ಲ ಕರೆಯುತ್ತಿದ್ದ ಊರು ಅದು. ಚೋಳರಿಂದ ತಲಕಾಡು ಕಸಿದುಕೊಂಡ ಅಂತ ವಿಷ್ಣುವರ್ಧನ ‘ತಲಕಾಡುಗೊಂಡ’ ಬಿರುದು ಹೊತ್ತ. ಅವನ ವಂಶದವರೇ ನೂರಕ್ಕೂ ಹೆಚ್ಚು ವರ್ಷದ ಮೇಲೆ ಇಲ್ಲಿ ತಮಿಳಿನಲ್ಲಿ ಕಲ್ಲು ಬರೆಸಿದರು. ಪಾಟಿ ಇದ್ದಿದ್ದರೆ ಅವರನ್ನು ಕರೆದುಕೊಂಡು ಹೋಗಿ ಓದಿಸಬೇಕಿತ್ತು ಅನ್ನಿಸುತ್ತೆ. ಅವರಿಗೂ ಆ ಹಳೇ ಲಿಪಿ ಬರುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಪುರಾಣಕ್ಕೆ ಬರೋಣ. ನನಗೆ ಪುರಾಣ ಹತ್ತಿದ್ದು ಹಲಸೂರು ಸೋಮೇಶ್ವರನ ಗುಡಿಯ ಕಲ್ಲುಗಳಿಂದ. ಕೈಲಾಸ ಎತ್ತುತ್ತಿರೋ ರಾವಣನನ್ನು ಎಷ್ಟು ಸಲ ನೋಡಿದ್ದೀನೋ. ಭಕ್ತನೋ ಕೊಬ್ಬಿದವನೋ ಅಂತ ಶಿಲ್ಪಿ ಹೇಳಿಲ್ಲ. ಮೈ ಬಿಗಿದಿರೋದು ಮಾತ್ರ ಕಾಣುತ್ತೆ. ‘ಪರ್ವ’ ಓದಿದಾಗ ಅದೇ ನೆನಪಾಯಿತು. ಭೈರಪ್ಪ ಮಹಾಭಾರತವನ್ನು ಎಲ್ಲಿಂದ ಶುರು ಮಾಡುತ್ತಾರೆ ನೋಡು: ಕೃಷ್ಣನಿಂದಲ್ಲ, ಭೀಷ್ಮನಿಂದಲ್ಲ, ಮದ್ರದೇಶದ ಮುದಿ ರಾಜ ಶಲ್ಯನ ಮನೆಯಿಂದ. ಮೊಮ್ಮಗಳ ಮದುವೆಯ ಮಾತು. ಕನ್ಯಾಶುಲ್ಕ ತಗೊಂಡು ಕೊಡೋದು ನಮ್ಮ ಪದ್ಧತಿ ಅಂತ ಅಜ್ಜ, ಸ್ವಯಂವರ ಮಾಡಿದರೇ ಮರ್ಯಾದೆ ಅಂತ ಮಗ. ನಮ್ಮ ಮನೆಗಳಲ್ಲಿ ಛತ್ರವೋ ರಿಸಾರ್ಟೋ ಅಂತ ಆಗುತ್ತಲ್ಲ, ಅದೇ ಜಗಳ. ಮಹಾಯುದ್ಧ ಬರೋದು ಈ ಮನೆಯ ಬಾಗಿಲಿಗೆ. ಆಮೇಲೆ ಕುಂತಿ ನೆನೆಸಿಕೊಳ್ಳೋದು, ದ್ರೌಪದಿ ನೆನೆಸಿಕೊಳ್ಳೋದು. ಐದು ಜನ ಗಂಡಂದಿರ ಜೊತೆ ಬಾಳೋದು ಅಂದರೆ ದಿನಚರಿ ಹೇಗಿರುತ್ತೆ ಅಂತ ಕೇಳೋ ಧೈರ್ಯ ಬೇರೆ ಯಾರಿಗಿತ್ತು? ಯುದ್ಧಭೂಮಿಯಲ್ಲಿ ಶಂಖಕ್ಕಿಂತ ಹೆಚ್ಚು ನಿನ್ನ ಮೂಗಿಗೆ ಹೊಡೆಯೋದು ವಾಸನೆ, ಊಟ ಮಾಡುತ್ತಾ ಓದಬೇಡ. ಭೈರಪ್ಪನವರ ಎಲ್ಲ ಪುಸ್ತಕವೂ ನನಗೆ ಹಿಡಿಸಲ್ಲ, ‘ಆವರಣ’ದ ವಿಷಯದಲ್ಲಿ ನಿಮ್ಮಪ್ಪನಿಗೂ ನನಗೂ ಇವತ್ತಿಗೂ ರಾಜಿ ಆಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕಪಾಟಿನಿಂದ ತೆಗೆದದ್ದು ‘ಪರ್ವ’ವನ್ನೇ. ಅದು ಹಿಡಿಸಿದರೆ ‘ಸಾರ್ಥ’ ಓದು, ಎಂಟನೇ ಶತಮಾನದ ವರ್ತಕರ ಗುಂಪಿನ ಜೊತೆ ಊರೂರು ಸುತ್ತೋ ಕಥೆ.

ದೇವುಡು ಅವರ ‘ಮಹಾಬ್ರಾಹ್ಮಣ’ ಇದಕ್ಕೆ ಪೂರ್ತಿ ತಿರುಗುಮುರುಗು. ವಿಶ್ವಾಮಿತ್ರನ ಕಥೆ, ಇಲ್ಲಿ ದೇವತೆಗಳು ಬರುತ್ತಾರೆ, ಮಾತಾಡುತ್ತಾರೆ, ಪವಾಡ ನಡೆಯುತ್ತೆ, ದೇವುಡು ಅದಕ್ಕೆಲ್ಲ ಒಂಚೂರೂ ನಾಚಿಕೊಳ್ಳಲ್ಲ. ಭೈರಪ್ಪ ತೆಗೆದುಹಾಕಿದ್ದನ್ನೆಲ್ಲ ಇಲ್ಲಿ ಇಟ್ಟುಕೊಂಡೇ ಕಥೆ ಓಡುತ್ತೆ. ನಹುಷನ ಮೇಲಿನ ‘ಮಹಾಕ್ಷತ್ರಿಯ’ಕ್ಕೆ 1962ರ ಅಕಾಡೆಮಿ ಪ್ರಶಸ್ತಿ. ರಾಜ್‌ಕುಮಾರ್ ಅವರ ‘ಮಯೂರ’ ಸಿನಿಮಾ ಇದೆಯಲ್ಲ, ಅದೂ ಇವರ ಕಾದಂಬರಿಯೇ. ಸಂಸ್ಕೃತದ ಭಾರ ಇದೆ, ನಿಘಂಟು ಬೇಡ, ನನಗೆ ಫೋನ್ ಮಾಡು. ಶಂಕರ ಮೊಕಾಶಿ ಪುಣೇಕರರ ‘ಅವಧೇಶ್ವರಿ’ ಮಾತ್ರ ಈಗಲೇ ಬೇಡ. ವೇದಕಾಲದ ಅಯೋಧ್ಯೆ, ಪುರುಕುತ್ಸಾನಿ ಅನ್ನೋ ರಾಣಿ, ಸಿಂಧೂ ಮುದ್ರೆಗಳನ್ನು ತಾವೇ ಓದಿ ಕಟ್ಟಿದ ಲೋಕ. ಅದ್ಭುತ ಬುದ್ಧಿ, ತುಂಟತನವೂ ಇದೆ. ಆದರೆ ಇಷ್ಟನ್ನೆಲ್ಲ ಓದಿ ಕನ್ನಡ ಕೈಗೆ ಕೂತ ಮೇಲೆ ತೆಗೆದುಕೋ.

ನಿನಗೆ ಈಜಿಪ್ಟಿನ ಹುಚ್ಚಲ್ವಾ? ನಿರಂಜನರ ‘ಮೃತ್ಯುಂಜಯ’ ಹುಡುಕು. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ನೈಲ್ ನದಿಯ ದಡ, ತೆರಿಗೆ ಕಟ್ಟಲಾರದ ರೈತರು, ಅವರ ನಡುವೆ ಎದ್ದುನಿಂತ ಮೆನೆಪ್‌ಟಾ. ಪಿರಮಿಡ್ಡಿನ ಕಥೆಯನ್ನು ಕಲ್ಲು ಹೊತ್ತವರ ಕಡೆಯಿಂದ ಬರೆದದ್ದು. ಕಯ್ಯೂರಿನ ರೈತರ ಮೇಲೆ ‘ಚಿರಸ್ಮರಣೆ’ ಬರೆದವರಲ್ಲವೇ! ಪಾರ್ಶ್ವವಾಯು ಬಡಿದ ಮೇಲೂ ಬರೆಯೋದನ್ನು ಬಿಟ್ಟವರಲ್ಲ. ಈ ಪುಸ್ತಕದ ಬಗ್ಗೆ ಕನ್ನಡದವರು ಯಾಕೆ ಇಷ್ಟು ಕಡಿಮೆ ಮಾತಾಡುತ್ತಾರೋ ನನಗರ್ಥವಾಗಿಲ್ಲ.

ಥ್ರಿಲ್ಲರ್ ಬೇಕಾದರೆ ಕೆ.ಎನ್. ಗಣೇಶಯ್ಯ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಸಸ್ಯ ವಿಜ್ಞಾನಿಯಾಗಿದ್ದವರು. ‘ಕನಕ ಮುಸುಕು’ ನಿನ್ನನ್ನು ರಾತ್ರಿ ಮಲಗೋಕೆ ಬಿಡಲ್ಲ: ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಇದೆ, ಆ ಜೋಳ ಅಮೆರಿಕದಿಂದ ಬಂದದ್ದು, ಗುಡಿ ಕಟ್ಟಿದ್ದು ಕೊಲಂಬಸ್ಸಿಗಿಂತ ಎರಡು ಶತಮಾನ ಮೊದಲು. ಹೇಗೆ? 1989ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ಅದು ಜೋಳವೇ ಅಂದರು, ಆಮೇಲೆ ನಮ್ಮ ವಿಜ್ಞಾನಿಗಳೇ ‘ಅಲ್ಲ, ಮುತ್ತಿನ ಆಭರಣದಂಥದ್ದು’ ಅಂದರು. ಗಣೇಶಯ್ಯನವರ ಕಥೆಯಲ್ಲಿ ಫೋಟೋ, ಅಡಿಟಿಪ್ಪಣಿ ಎಲ್ಲ ಇರುತ್ತೆ, ಹಾಗಾಗಿ ಪೂರ್ತಿ ನಿಜ ಅಂತ ನಂಬಿ ಆಫೀಸಿನಲ್ಲಿ ಭಾಷಣ ಮಾಡಬೇಡ. ಅವರದ್ದೇ ‘ಬಳ್ಳಿಕಾಳ ಬೆಳ್ಳಿ’ ಗೇರುಸೊಪ್ಪೆಯ ಮೆಣಸಿನ ರಾಣಿಯ ಜಾಡಿನದ್ದು. ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಅದೇ ರಾಣಿಯನ್ನು ನೇರವಾಗಿ ಎದುರಿಗೆ ಕೂರಿಸಿಕೊಂಡದ್ದು. ಎರಡನ್ನೂ ‘ತೇಜೋ-ತುಂಗಭದ್ರಾ’ದ ಪಕ್ಕಕ್ಕಿಟ್ಟರೆ ಒಂದೇ ಮೆಣಸಿಗೆ ಎಷ್ಟು ಜನ ಸತ್ತರು ಅಂತ ಗೊತ್ತಾಗುತ್ತೆ.

ಅ.ನ.ಕೃ. ಅವರ ವಿಜಯನಗರದ ಮಾಲೆ, ಬಸವಣ್ಣ-ಬಿಜ್ಜಳರ ಮೇಲೆ ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ ಇವೆಲ್ಲ ನಿಮ್ಮಪ್ಪನ ಇಲಾಖೆ, ಅವನನ್ನೇ ಕೇಳು. ಎಲ್ಲಕ್ಕೂ ಮೊದಲಿನವರು ಗಳಗನಾಥರು, ‘ಮಾಧವ ಕರುಣಾ ವಿಲಾಸ’ ಬರೆದವರು. ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದರಂತೆ. ನಿನಗೆ ಫೋನಿನಲ್ಲಿ ಬೆರಳಾಡಿಸಿದರೆ ಮನೆ ಬಾಗಿಲಿಗೆ ಬರುತ್ತೆ, ನೆಪ ಹೇಳಬೇಡ.

ಈಗ ವ್ಯವಹಾರ. ‘ಚಿಕವೀರ ರಾಜೇಂದ್ರ’ ಮತ್ತು ‘ಶಾಂತಲಾ’ ನನ್ನ ಹತ್ತಿರ ಎತ್ತಿಟ್ಟಿದ್ದೀನಿ, ಬಂದು ತಗೊಂಡು ಹೋಗು. ‘ದುರ್ಗಾಸ್ತಮಾನ’ ಕೊಡಲ್ಲ, ಒಂದು ಸಲ ಕೊಟ್ಟು ಕಳೆದುಕೊಂಡು ಮತ್ತೆ ಕೊಂಡಿದ್ದೀನಿ. ‘ಮೃತ್ಯುಂಜಯ’ ಹೊಸದು ಸಿಗದಿದ್ದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳ ಕನ್ನಡ ಕಪಾಟಿನಲ್ಲಿ, ಬಗ್ಗಿ ಕೆಳಗಿನ ಸಾಲಿನಲ್ಲಿ ಹುಡುಕು. ನಿನ್ನ ಟೀಮಿನಲ್ಲಿ ಒಬ್ಬಳು ತಮಿಳು ಹುಡುಗಿ ಇದ್ದಾಳೆ ಅಂದಿದ್ದೆಯಲ್ಲ, ಅವಳ ಅಜ್ಜಿ ಕಲ್ಕಿ ಓದಿದ್ದಾರಾ ಕೇಳು. ಓದಿದ್ದರೆ ಪುಲಕೇಶಿ ಹೇಗಿದ್ದ ಅಂತ ಅವರ ಬಾಯಿಂದಲೇ ಕೇಳಿಸಿಕೊಂಡು ಬಾ. ಜಗಳ ಆಡೋದಾದರೆ ಊಟ ಆದ ಮೇಲೆ ಆಡು.

ಮಾಸ್ತಿ ಮುಗಿಸಿದ ದಿನ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡು. ಕುಂಟ ಬಸವನನ್ನು ನೀನು ಕ್ಷಮಿಸಿದೆಯಾ ಇಲ್ಲವಾ ಅಂತ ನನಗೆ ತಿಳಿಯಬೇಕು. ನಿಮ್ಮಮ್ಮನ ಮಂಡಿನೋವು ಹೇಗಿದೆ, ಅದನ್ನೂ ಹೇಳು.

ನಿನ್ನ
ಅತ್ತೆ